ಜಿಪ್ಸಿಯ ಸ್ಟೀರಿಂಗ್ ನಡುಕ: ಬಾಕ್ಸ್ ಬದಲಿಸುವ ಮೊದಲು

ಪ್ರಶ್ನೆ: ನಾನು ಮಾದಾಪುರದ ಬಳಿಯ ಕಾಫಿ ಬೆಳೆಗಾರ. ನನ್ನಲ್ಲಿ 2006ರ ಮಾರುತಿ ಜಿಪ್ಸಿ ಕಿಂಗ್ ಇದೆ, ಪವರ್ ಸ್ಟೀರಿಂಗ್ ಇಲ್ಲ. ತೋಟದ ದಾರಿಯಲ್ಲಿ ನಡುವಿನ ದಿಬ್ಬಕ್ಕೆ ಗಾಡಿಯ ಅಡಿಭಾಗ ತಾಗುತ್ತಿತ್ತೆಂದು ಎರಡು ವರ್ಷದ ಹಿಂದೆ ನಾಲ್ಕೂ ಕಡೆ ಎರಡು ಇಂಚು ಹೆಚ್ಚು ಉದ್ದದ ಶ್ಯಾಕಲ್ (ಸ್ಪ್ರಿಂಗ್‌ನ ತುದಿಯನ್ನು ಚಾಸಿಗೆ ಸೇರಿಸುವ ಆಡುವ ಪಟ್ಟಿ) ಹಾಕಿಸಿ, 235/75 ಆರ್ 15 ಅಳತೆಯ ಮಡ್ ಟೈರ್ ಕೂರಿಸಿದೆ. ಗಾಳಿ 35 ಪಿಎಸ್‌ಐ ಇಡುತ್ತೇನೆ. ಕಳೆದ ಮಳೆಗಾಲ ಮುಗಿದ ಮೇಲೆ ಹೊಸ ತೊಂದರೆ ಶುರುವಾಗಿದೆ. ಕುಶಾಲನಗರ ದಾಟಿ ಮೈಸೂರು ರಸ್ತೆಯಲ್ಲಿ 60-65ರ ವೇಗದಲ್ಲಿ ಹೋಗುವಾಗ ಸೇತುವೆಯ ಜಾಯಿಂಟ್ ಅಥವಾ ಸಣ್ಣ ಗುಂಡಿ ಸಿಕ್ಕಿದರೆ ಸಾಕು, ಸ್ಟೀರಿಂಗ್ ಎಡಬಲಕ್ಕೆ ಜೋರಾಗಿ ಹೊಡೆದುಕೊಳ್ಳುತ್ತದೆ. ವೇಗ 25ಕ್ಕೆ ಇಳಿಯುವವರೆಗೆ ನಿಲ್ಲುವುದಿಲ್ಲ. ಹಿಂದೆ ಐದಾರು ಚೀಲ ಕಾಫಿ ಹೇರಿದ್ದರೆ ಅಷ್ಟಾಗಿ ಬರುವುದಿಲ್ಲ. ಒಬ್ಬ ಮೆಕ್ಯಾನಿಕ್ ಹೊಸ ಸ್ಟೀರಿಂಗ್ ಡ್ಯಾಂಪರ್ ಹಾಕಿದರು, ಎರಡು ತಿಂಗಳು ಚೆನ್ನಾಗಿತ್ತು, ಮತ್ತೆ ಮೊದಲಿನಂತಾಯಿತು. ಇನ್ನೊಬ್ಬರು ಸ್ಟೀರಿಂಗ್ ಬಾಕ್ಸ್ (ಸ್ಟೀರಿಂಗ್‌ನ ತಿರುವನ್ನು ಚಕ್ರಗಳ ಕಡೆಗೆ ದಾಟಿಸುವ ಗೇರಿನ ಪೆಟ್ಟಿಗೆ) ಬದಲಿಸಲೇಬೇಕು ಎನ್ನುತ್ತಾರೆ. ಅಲೈನ್‌ಮೆಂಟ್ ಅಂಗಡಿಯವರು ಎಲ್ಲ ಸರಿಯಿದೆ ಎಂದರು. ಇದಲ್ಲದೆ ಗಾಡಿ ಸ್ವಲ್ಪ ಎಡಕ್ಕೆ ಎಳೆಯುತ್ತದೆ. ಫೋರ್ ವೀಲ್ ಹಾಕಿ ಸಿಮೆಂಟ್ ಕಣದಲ್ಲಿ ತಿರುಗಿಸಿದರೆ ಸ್ಟೀರಿಂಗ್ ಕಲ್ಲಿನಂತೆ ಬಿಗಿಯಾಗುತ್ತದೆ. ಮನೆಯವರು ಗಾಡಿ ಮಾರಿಬಿಡಿ ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ನೀವು ವಿವರವಾಗಿ ಬರೆದಿರುವುದರಿಂದ ಅರ್ಧ ಪರೀಕ್ಷೆ ಪತ್ರದಲ್ಲೇ ಮುಗಿದಿದೆ. ಗಾಡಿ ಮಾರುವ ಅಗತ್ಯವಿಲ್ಲ, ಸ್ಟೀರಿಂಗ್ ಬಾಕ್ಸ್ ಕೊಳ್ಳುವ ಅವಸರವೂ ಬೇಡ. ಆದರೆ ಈ ನಡುಕವನ್ನು ಸರಿಪಡಿಸುವವರೆಗೆ ದಯವಿಟ್ಟು ಆ ಗಾಡಿಯಲ್ಲಿ ಮೈಸೂರಿಗೆ ಹೋಗಬೇಡಿ. ತೋಟದೊಳಗೆ, ಸೋಮವಾರಪೇಟೆ ಪೇಟೆಯವರೆಗೆ, ನಲವತ್ತನ್ನು ಮೀರದೆ ಓಡಿಸಿಕೊಳ್ಳಿ.

ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ದೂರುಗಳಿವೆ, ಅವುಗಳನ್ನು ಒಂದೇ ಗಂಟಿಗೆ ಕಟ್ಟಿದ್ದರಿಂದಲೇ ಒಬ್ಬೊಬ್ಬ ಮೆಕ್ಯಾನಿಕ್ ಒಂದೊಂದು ಭಾಗದತ್ತ ಬೆರಳು ತೋರಿಸಿದ್ದಾರೆ. ಗುಂಡಿ ಸಿಕ್ಕಾಗ ಎದ್ದು ತಾನಾಗಿ ಬೆಳೆಯುವ ನಡುಕ ಒಂದು. ಸದಾ ಎಡಕ್ಕೆ ಎಳೆಯುವುದು ಎರಡನೆಯದು. ಫೋರ್ ವೀಲ್‌ನಲ್ಲಿ ಬಿಗಿಯಾಗುವುದು ಮೂರನೆಯದು. ಮೂರನೆಯದು ದೋಷವೇ ಅಲ್ಲ. ಜಿಪ್ಸಿಯ ಫೋರ್ ವೀಲ್ ವ್ಯವಸ್ಥೆಯಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಶಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗಬೇಕಾಗುತ್ತದೆ, ಕೆಸರಿನಲ್ಲಾದರೆ ಚಕ್ರ ಜಾರಿ ಆ ವ್ಯತ್ಯಾಸ ತೀರಿಹೋಗುತ್ತದೆ, ಸಿಮೆಂಟ್ ಕಣದಲ್ಲಿ ಜಾರಲು ಜಾಗವಿಲ್ಲದೆ ಇಡೀ ಡ್ರೈವ್ ತಿರುಚಿಕೊಳ್ಳುತ್ತದೆ. ಕಣದಲ್ಲಿ ಮತ್ತು ಟಾರು ರಸ್ತೆಯಲ್ಲಿ ಟೂ ವೀಲ್‌ಗೆ ಹಾಕಿಕೊಳ್ಳಿ, ಆ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಈಗ ಮುಖ್ಯ ವಿಷಯ. ಜಿಪ್ಸಿಯ ಮುಂದಿನ ಎರಡೂ ಚಕ್ರಗಳು ಒಂದೇ ಗಟ್ಟಿ ಆಕ್ಸಲ್‌ನ ಎರಡು ತುದಿಗಳಲ್ಲಿವೆ, ಆ ಆಕ್ಸಲ್ ಲೀಫ್ ಸ್ಪ್ರಿಂಗ್‌ಗಳ ಮೇಲೆ ಕುಳಿತಿದೆ. ಎಡ ಚಕ್ರ ಗುಂಡಿಗೆ ಬಿದ್ದು ಎದ್ದರೆ ಆಕ್ಸಲ್ ಓರೆಯಾಗುತ್ತದೆ. ವೇಗವಾಗಿ ತಿರುಗುತ್ತಿರುವ ಚಕ್ರವನ್ನು ಹೀಗೆ ಓರೆ ಮಾಡಿದಾಗ ಅದು ತಾನು ಎಡಬಲ ತಿರುಗುವ ಕೀಲಾದ ಕಿಂಗ್ ಪಿನ್‌ನ ಸುತ್ತ ಪಕ್ಕಕ್ಕೆ ತಿರುಗಲು ನೋಡುತ್ತದೆ. ಎರಡು ಚಕ್ರಗಳನ್ನು ಜೋಡಿಸುವ ಸರಳಾದ ಟೈ ರಾಡ್ ಆ ತಿರುವನ್ನು ಬಲ ಚಕ್ರಕ್ಕೂ ಮುಟ್ಟಿಸುತ್ತದೆ. ನೆಲಕ್ಕೆ ಅಂಟಿದ ಟೈರು ಅದನ್ನು ಹಿಂದಕ್ಕೆಳೆಯುತ್ತದೆ, ಎಳೆದ ರಭಸಕ್ಕೆ ಚಕ್ರ ನಡುವನ್ನು ದಾಟಿ ಆಚೆ ಬದಿಗೆ ಹೋಗುತ್ತದೆ. ಎಲ್ಲ ಭಾಗಗಳೂ ಬಿಗಿಯಾಗಿದ್ದರೆ ಇದು ಒಂದೆರಡು ಬಾರಿ ಆಡಿ ಸತ್ತುಹೋಗುತ್ತದೆ, ನಿಮ್ಮ ಕೈಗೆ ಗೊತ್ತಾಗುವುದೂ ಇಲ್ಲ. ಎಲ್ಲೋ ಒಂದು ಕಡೆ ಸಡಿಲವಿದ್ದು, ಚಕ್ರವನ್ನು ನೇರಕ್ಕೆ ತರುವ ಬಲವೂ ಕುಂದಿದ್ದರೆ, ಪ್ರತಿ ಸುತ್ತಿನಲ್ಲೂ ಗಾಡಿಯ ಓಟದಿಂದಲೇ ಶಕ್ತಿ ಪಡೆದು ನಡುಕ ಬೆಳೆಯುತ್ತದೆ. ಆದ್ದರಿಂದಲೇ ವೇಗ ಇಳಿಸದೆ ಅದು ನಿಲ್ಲುವುದಿಲ್ಲ.

60-65ರಲ್ಲೇ ಏಕೆ ಎಂಬುದಕ್ಕೂ ಲೆಕ್ಕವಿದೆ. ನಿಮ್ಮ ಟೈರಿನ ಸುತ್ತಳತೆ ಸುಮಾರು 2.3 ಮೀಟರ್. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ ಹದಿನಾರೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು, ಅಂದರೆ ಚಕ್ರ ಸೆಕೆಂಡಿಗೆ ಏಳು ಸುತ್ತು ಚಿಲ್ಲರೆ ತಿರುಗುತ್ತದೆ. ಇಂಥ ಆಕ್ಸಲ್‌ಗಳು ತಮ್ಮಷ್ಟಕ್ಕೆ ನಡುಗುವ ಲಯವೂ ಹೆಚ್ಚು ಕಡಿಮೆ ಅದರ ಆಸುಪಾಸಿನಲ್ಲೇ ಇರುತ್ತದೆ. ಟೈರಿನ ಬ್ಯಾಲೆನ್ಸ್ ಸ್ವಲ್ಪ ತಪ್ಪಿದ್ದರೂ ಪ್ರತಿ ಸುತ್ತಿಗೆ ಒಂದು ತಳ್ಳು ಸರಿಯಾದ ಹೊತ್ತಿಗೆ ಬಿದ್ದಂತಾಗುತ್ತದೆ. ಇನ್ನೊಂದು ಮಾತು: ಕಂಪನಿಯ 205/70 ಆರ್ 15 ಟೈರಿಗಿಂತ ನಿಮ್ಮದು ಸುತ್ತಳತೆಯಲ್ಲಿ ಸುಮಾರು ಹತ್ತನೇ ಒಂದು ಪಾಲು ದೊಡ್ಡದು, ಹಾಗಾಗಿ ಮೀಟರಿನ ಮುಳ್ಳು ತೋರಿಸುವುದಕ್ಕಿಂತ ನೀವು ಜೋರಾಗಿಯೇ ಹೋಗುತ್ತಿರುವ ಸಾಧ್ಯತೆ ಹೆಚ್ಚು.

ಹಾಗಾದರೆ ನಿಮ್ಮ ಗಾಡಿಯಲ್ಲಿ ನೇರಕ್ಕೆ ತರುವ ಬಲ ಕುಂದಿದ್ದು ಎಲ್ಲಿ? ನನ್ನ ಮೊದಲ ಅನುಮಾನ ಆ ಉದ್ದದ ಶ್ಯಾಕಲ್‌ಗಳ ಮೇಲೆ. ಬೈಸಿಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುವುದರಿಂದ ಕೈ ಬಿಟ್ಟರೂ ಚಕ್ರ ನೇರ ಓಡುವಂತೆ, ಕಿಂಗ್ ಪಿನ್‌ನ ಮೇಲ್ತುದಿ ಹಿಂದಕ್ಕೆ ವಾಲಿರುವ ಕೋನವೇ ಗಾಡಿಯನ್ನು ನೇರ ಓಡಿಸುತ್ತದೆ. ಇದನ್ನು ಕ್ಯಾಸ್ಟರ್ ಎನ್ನುತ್ತಾರೆ. ಜಿಪ್ಸಿಯಲ್ಲಿ ಇದು ಸುಮಾರು ಮೂರೂವರೆ ಡಿಗ್ರಿ ಮಾತ್ರ. ಜಿಪ್ಸಿಯ ಮುಂದಿನ ಸ್ಪ್ರಿಂಗ್‌ನ ಹಿಂದಿನ ತುದಿ ಚಾಸಿಗೆ ಸ್ಥಿರವಾಗಿ ಕೂತಿದ್ದು, ಶ್ಯಾಕಲ್ ಇರುವುದು ಮುಂದಿನ ತುದಿಯಲ್ಲಿ. ಆ ಶ್ಯಾಕಲ್ ಎರಡು ಇಂಚು ಉದ್ದವಾದರೆ ಸ್ಪ್ರಿಂಗ್‌ನ ಮುಂದಿನ ತುದಿ ಮಾತ್ರ ಚಾಸಿಯಿಂದ ಅಷ್ಟು ಕೆಳಗಿಳಿಯುತ್ತದೆ, ಸ್ಪ್ರಿಂಗ್ ಜೊತೆಗೆ ಆಕ್ಸಲ್ ಕೂಡ ಮುಂದಕ್ಕೆ ಮಗುಚುತ್ತದೆ. ಸ್ಪ್ರಿಂಗ್‌ನ ಕಣ್ಣಿನಿಂದ ಕಣ್ಣಿಗೆ ಒಂದು ಮೀಟರ್ ಎಂದು ಹಿಡಿದರೆ, 50 ಮಿ.ಮೀ. ಇಳಿತಕ್ಕೆ ಹತ್ತಿರ ಹತ್ತಿರ ಮೂರು ಡಿಗ್ರಿ ಹೋಯಿತು. ಮೂರೂವರೆಯಲ್ಲಿ ಮೂರು ಕಳೆದರೆ ಉಳಿದದ್ದೆಷ್ಟು ಎಂದು ನೀವೇ ನೋಡಿ. ಇಷ್ಟು ಕಳೆದುಕೊಂಡು ಗಾಡಿ ಎದ್ದಿರುವುದು ಒಂದೇ ಇಂಚು, ಏಕೆಂದರೆ ಶ್ಯಾಕಲ್‌ನ ಹೆಚ್ಚುವರಿ ಉದ್ದದ ಅರ್ಧದಷ್ಟೇ ಆಕ್ಸಲ್ ಬಳಿ ಎತ್ತರವಾಗಿ ಸಿಗುತ್ತದೆ. ಶ್ಯಾಕಲ್ ಲಿಫ್ಟ್ ಅಗ್ಗವೆನ್ನುವವರು ಈ ಬೆಲೆಯನ್ನು ಹೇಳುವುದಿಲ್ಲ.

ಕಾಫಿ ಚೀಲ ಹೇರಿದಾಗ ನಡುಕ ಕಡಿಮೆ ಎಂದು ನೀವು ಬರೆದ ಆ ಒಂದು ಸಾಲು ನನ್ನ ಅನುಮಾನವನ್ನು ಗಟ್ಟಿ ಮಾಡಿತು. ಜಿಪ್ಸಿಯ ಎರಡು ಆಕ್ಸಲ್‌ಗಳ ನಡುವಿನ ಅಂತರ 2375 ಮಿ.ಮೀ. ಹಿಂಭಾಗ ಭಾರಕ್ಕೆ 50 ಮಿ.ಮೀ. ಕುಸಿದರೆ ಇಡೀ ಗಾಡಿ ಒಂದು ಡಿಗ್ರಿಗಿಂತ ತುಸು ಹೆಚ್ಚು ಹಿಂದಕ್ಕೆ ವಾಲುತ್ತದೆ, ಅಷ್ಟೇ ಕ್ಯಾಸ್ಟರ್ ವಾಪಸ್ ಬರುತ್ತದೆ. ಭಾರ ಹೇರಿದಾಗ ಮುಂದಿನ ಚಕ್ರದ ಮೇಲಿನ ಹೊರೆಯೂ ಬದಲಾಗುವುದರಿಂದ ಇದೊಂದೇ ಸಾಕ್ಷಿ ಸಾಲದು, ಆದರೂ ಬಲವಾದ ಸುಳಿವು.

ಶ್ಯಾಕಲ್ ಹಾಕಿ ಎರಡು ವರ್ಷವಾಯಿತಲ್ಲ, ಇಷ್ಟು ದಿನ ಏಕೆ ಬರಲಿಲ್ಲ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ಕಳೆದ ಮಳೆಗಾಲದಲ್ಲಿದೆ. ಚಕ್ರವನ್ನು ಹಿಡಿದ ನಕಲ್ ಒಂದು ದುಂಡನೆಯ ಗೋಳದ ಸುತ್ತ ತಿರುಗುತ್ತದೆ; ಅದರ ಮೇಲೊಂದು ಕೆಳಗೊಂದು ಕಿಂಗ್ ಪಿನ್, ಎರಡಕ್ಕೂ ಟೇಪರ್ ರೋಲರ್ ಬೇರಿಂಗ್. ಗೋಳದ ಹಿಂಬದಿಯ ಸೀಲು ಸವೆದಿದ್ದರೆ ತೋಡು ದಾಟುವಾಗ ನೀರು ಒಳಕ್ಕೆ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಸಂಜೆ ಕೆಸರು ತೊಳೆಯಲು ಪ್ರೆಶರ್ ವಾಷರ್‌ನ ನಳಿಗೆಯನ್ನು ನೇರ ಆ ಸೀಲಿಗೇ ಹಿಡಿಯುವವರಿದ್ದಾರೆ, ತೋಡಿನ ನೀರು ಮಾಡದ ಹಾನಿಯನ್ನು ಅದು ಮಾಡುತ್ತದೆ. ಒಳಗೆ ಗ್ರೀಸು ನೀರಿನೊಂದಿಗೆ ಕಲೆತು ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಬೇರಿಂಗ್ ತುಕ್ಕು ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಓಡಿದ ಜಿಪ್ಸಿಗಳ ನಕಲ್ ಬಿಚ್ಚಿದಾಗ, ಮೇಲಿನ ಬೇರಿಂಗ್‌ಗಿಂತ ಕೆಳಗಿನದು ಕೆಟ್ಟಿರುವುದನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ. ನೀರು ಕೆಳಗೆ ನಿಲ್ಲುವುದರಿಂದ ಅದು ಸಹಜವೂ ಹೌದು. ಶ್ಯಾಕಲ್ ಕ್ಯಾಸ್ಟರ್ ಕಿತ್ತುಕೊಂಡಿತು, ಬಿಗಿಯಿದ್ದ ಕಿಂಗ್ ಪಿನ್ ಅದನ್ನು ಮರೆಮಾಚಿತ್ತು, ಮಳೆಗಾಲ ಆ ಬಿಗಿಯನ್ನು ತಿಂದುಹಾಕಿತು. ನಿಮ್ಮ ಗಾಡಿಯ ಕಥೆ ಬಹುಶಃ ಇದೇ, ಆದರೆ ಬಿಚ್ಚಿ ನೋಡುವ ಮೊದಲು ತೀರ್ಪು ಬೇಡ.

ಇನ್ನು ನಿಮಗೆ ಸಿಕ್ಕ ಸಲಹೆಗಳ ವಿಷಯ. ಸ್ಟೀರಿಂಗ್ ಬಾಕ್ಸ್ ಸವೆದರೆ ಸ್ಟೀರಿಂಗ್‌ನಲ್ಲಿ ಪ್ಲೇ ಹೆಚ್ಚುತ್ತದೆ, ಗಾಡಿ ನೇರ ಓಡದೆ ಅತ್ತಿತ್ತ ಅಲೆಯುತ್ತದೆ, ಸದಾ ತಿದ್ದುತ್ತಲೇ ಇರಬೇಕಾಗುತ್ತದೆ. ನಿಮ್ಮ ನಡುಕ ಹುಟ್ಟುವುದು ಬಾಕ್ಸ್‌ನಿಂದ ಚಕ್ರದ ಕಡೆಗೆ ತಿರುವನ್ನು ಒಯ್ಯುವ ಸರಳಾದ ಡ್ರ್ಯಾಗ್ ಲಿಂಕ್‌ನ ಆಚೆ, ಚಕ್ರದ ಕಡೆ. ಬಾಕ್ಸ್ ಇರುವುದು ಈಚೆ. ಹೊಸ ಬಾಕ್ಸ್ ಹಾಕಿದ ಮೇಲೂ ಅದೇ ಸೇತುವೆಯ ಮೇಲೆ ಅದೇ ನಡುಕ ಬರುವುದನ್ನು ಕಂಡು ಬೇಸತ್ತವರು ಹಲವರಿದ್ದಾರೆ. ಎಂಜಿನ್ ನಿಲ್ಲಿಸಿ, ಚಕ್ರ ನೇರವಿಟ್ಟು, ಸ್ಟೀರಿಂಗ್‌ನ ಅಂಚನ್ನು ಬೆರಳಿನಿಂದ ಆಡಿಸಿ ನೋಡಿ. ಚಕ್ರ ಅಲುಗುವ ಮೊದಲು ಅಂಚು 30 ಮಿ.ಮೀ.ವರೆಗೆ ಆಡಿದರೆ ಈ ಗಾಡಿಗೆ ಅದು ಒಪ್ಪಿತ. ಅದಕ್ಕಿಂತ ಹೆಚ್ಚಿದ್ದರೂ ಮೊದಲು ಜಾಯಿಂಟ್‌ಗಳನ್ನು ನೋಡಬೇಕು, ಬಾಕ್ಸ್ ಕೊನೆಗೆ. ಬಾಕ್ಸ್‌ನ ಮೇಲಿರುವ ಅಡ್ಜಸ್ಟಿಂಗ್ ಸ್ಕ್ರೂ ಬಿಗಿದರೆ ಸರಿಹೋಗುತ್ತದೆಂದು ಯಾರಾದರೂ ಸ್ಪ್ಯಾನರ್ ಹಿಡಿದು ಬಂದರೆ ತಡೆಯಿರಿ. ಅದನ್ನು ಚಕ್ರ ನೇರವಿರುವಾಗ ಮಾತ್ರ, ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಅತಿಯಾಗಿ ಬಿಗಿದರೆ ಸ್ಟೀರಿಂಗ್ ನಡುವಿನಲ್ಲಿ ಹಿಡಿದುಕೊಳ್ಳುತ್ತದೆ, ತಿರುವಿನಿಂದ ತಾನಾಗಿ ಹಿಂದಿರುಗುವುದಿಲ್ಲ, ಒಳಗಿನ ಗೇರು ಬೇಗ ಹಾಳಾಗುತ್ತದೆ.

ಬಾಕ್ಸ್‌ನ ವಿಷಯದಲ್ಲಿ ನಿಜಕ್ಕೂ ನೋಡಬೇಕಾದದ್ದು ಅದನ್ನು ಹಿಡಿದಿರುವ ಚಾಸಿಯ ಭಾಗ. ನಮ್ಮ ತೇವದಲ್ಲಿ ಅಲ್ಲಿ ತುಕ್ಕು ಹಿಡಿದು ಬೋಲ್ಟ್ ತೂತಿನ ಸುತ್ತ ಬಿರುಕು ಬಿಡುವುದುಂಟು. ಕೆಸರು ಮೆತ್ತಿದ್ದರೆ ಕಣ್ಣಿಗೆ ಬೀಳುವುದಿಲ್ಲ. ತಂತಿ ಬ್ರಷ್‌ನಿಂದ ಉಜ್ಜಿ, ಒಬ್ಬರು ಸ್ಟೀರಿಂಗ್ ಎಡಬಲ ಆಡಿಸುತ್ತಿರುವಾಗ ಇನ್ನೊಬ್ಬರು ಟಾರ್ಚ್ ಹಿಡಿದು ನೋಡಬೇಕು. ಬಾಕ್ಸ್ ಚಾಸಿಯ ಮೇಲೆ ಕೂದಲೆಳೆಯಷ್ಟು ಅಲುಗಿದರೂ ಗಾಡಿ ಅಲ್ಲೇ ನಿಲ್ಲಬೇಕು, ಒಳ್ಳೆಯ ವೆಲ್ಡರ್ ಬಂದು ಪ್ಲೇಟ್ ಕೊಟ್ಟು ಬಲಪಡಿಸಿದ ಮೇಲಷ್ಟೇ ಹೊರಡಬೇಕು. ಈ ಒಂದು ವಿಷಯದಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ.

ಡ್ಯಾಂಪರ್ ಹೊಡೆತವನ್ನು ನುಂಗುವ ಸಾಧನ. ಹೊಸದಿದ್ದಾಗ ಅದು ನಡುಕವನ್ನು ಅದುಮಿ ಹಿಡಿದಿತ್ತು, ಒಳಗಿನ ಸಡಿಲ ಮಾತ್ರ ಬೆಳೆಯುತ್ತಲೇ ಹೋಯಿತು, ಎರಡು ತಿಂಗಳಲ್ಲಿ ಡ್ಯಾಂಪರ್ ಸೋತಿತು. ದೊಡ್ಡ ಡ್ಯಾಂಪರ್, ಜೋಡಿ ಡ್ಯಾಂಪರ್ ಎಂದು ಮುಂದುವರಿದರೆ ಸಡಿಲವಾದ ಟೈ ರಾಡ್ ಎಂಡ್ ಒಂದು ದಿನ ಕಳಚಿಕೊಳ್ಳುವವರೆಗೂ ನಿಮಗೆ ಸೂಚನೆಯೇ ಸಿಗದೆ ಹೋಗಬಹುದು.

ಅಲೈನ್‌ಮೆಂಟ್ ಅಂಗಡಿಯವರು ಸುಳ್ಳು ಹೇಳಿಲ್ಲ. ಗಟ್ಟಿ ಆಕ್ಸಲ್‌ನ ಗಾಡಿಯಲ್ಲಿ ಅವರು ತಿದ್ದಬಹುದಾದದ್ದು ಟೋ (ಮುಂದಿನ ಎರಡು ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಅಳತೆ) ಒಂದನ್ನೇ, ಹಾಗಾಗಿ ಅದನ್ನೇ ನೋಡಿ ಸರಿಯಿದೆ ಎಂದಿದ್ದಾರೆ. ಮತ್ತೊಮ್ಮೆ ಹೋಗಿ, ಎರಡೂ ಬದಿಯ ಕ್ಯಾಸ್ಟರ್ ಅಂಕಿ ಇರುವ ಹಾಳೆಯನ್ನು ಮುದ್ರಿಸಿ ಕೊಡುವಂತೆ ಕೇಳಿ. ಇಡೀ ಪರೀಕ್ಷೆಯಲ್ಲಿ ನಿಮಗೆ ಅತ್ಯಂತ ಬೆಲೆಬಾಳುವ ಕಾಗದ ಅದೇ.

ಪರೀಕ್ಷೆಯನ್ನು ಅಗ್ಗದಿಂದ ಆರಂಭಿಸೋಣ. ರಿಮ್‌ನ ಒಳಬದಿಯನ್ನು ನೋಡಿ. ನಮ್ಮ ಕೆಮ್ಮಣ್ಣು ಅಲ್ಲಿ ಮೆತ್ತಿಕೊಂಡು ಒಣಗಿದರೆ ಇಟ್ಟಿಗೆಯಷ್ಟು ಗಟ್ಟಿಯಾಗುತ್ತದೆ, ಹೊರಗಿನಿಂದ ಎಷ್ಟು ತೊಳೆದರೂ ಹೋಗುವುದಿಲ್ಲ, ಚಕ್ರದ ಬ್ಯಾಲೆನ್ಸ್ ಅಷ್ಟರಿಂದಲೇ ಕೆಡುತ್ತದೆ. ಚಕ್ರ ಬಿಚ್ಚಿ ಕೆರೆದು, ಬ್ಯಾಲೆನ್ಸ್ ಮಾಡಿಸಿ, ಟೈರಿನಲ್ಲಿ ಉಬ್ಬು ಇದೆಯೇ, ರಿಮ್ ಸೊಟ್ಟಗಿದೆಯೇ ಎಂದು ತಿರುಗಿಸಿ ನೋಡಿ. ಮುಂದಿನ ಎರಡನ್ನು ಹಿಂದಕ್ಕೆ ಹಾಕಿ ಓಡಿಸಿದಾಗ ನಡುಕದ ಸ್ವಭಾವ ಬದಲಾದರೆ ಟೈರಿನ ಪಾಲು ಎಷ್ಟೆಂದು ತಿಳಿಯುತ್ತದೆ. ಜಿಪ್ಸಿಯ ತೂಕ ಸುಮಾರು ಒಂದು ಟನ್. ಆ ಅಗಲದ ಟೈರಿಗೆ 35 ಪಿಎಸ್‌ಐ ಬಹಳ ಹೆಚ್ಚು. 26ರ ಆಸುಪಾಸಿಗೆ ಇಳಿಸಿ, ಭಾರ ಹೇರುವ ದಿನ ಹಿಂದಿನ ಎರಡಕ್ಕೆ ಮಾತ್ರ ಸ್ವಲ್ಪ ಏರಿಸಿಕೊಳ್ಳಿ. ಟೈರಿನ ಜೊತೆಗೆ ಹೊರಕ್ಕೆ ಚಾಚಿದ ರಿಮ್ ಅಥವಾ ವೀಲ್ ಸ್ಪೇಸರ್ ಹಾಕಿಸಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ: ಚಕ್ರ ಕಿಂಗ್ ಪಿನ್‌ನಿಂದ ದೂರವಾದಷ್ಟೂ ಪ್ರತಿ ಗುಂಡಿಯ ಏಟಿಗೆ ಉದ್ದದ ಸನ್ನೆಕೋಲು ಸಿಗುತ್ತದೆ.

ಆಮೇಲೆ ಜಾಯಿಂಟ್‌ಗಳು. ಚಕ್ರಗಳು ನೆಲದ ಮೇಲೇ ಇರಲಿ, ಜಾಕ್ ಬೇಡ. ಒಬ್ಬರು ಸ್ಟೀರಿಂಗನ್ನು ಚಿಕ್ಕದಾಗಿ, ಚುರುಕಾಗಿ ಎಡಬಲ ಆಡಿಸುತ್ತಿರಲಿ. ಇನ್ನೊಬ್ಬರು ಕೆಳಗೆ ಮಲಗಿ ಕಾಲಮ್‌ನ ಕೆಳಗಿನ ರಬ್ಬರ್ ಕಪ್ಲಿಂಗ್, ಡ್ರಾಪ್ ಆರ್ಮ್, ಡ್ರ್ಯಾಗ್ ಲಿಂಕ್‌ನ ಎರಡು ತುದಿ, ಟೈ ರಾಡ್‌ನ ಎರಡು ತುದಿ, ನಕಲ್‌ಗೆ ಆರ್ಮ್ ಹಿಡಿದ ಬೋಲ್ಟ್‌ಗಳು ಇವೆಲ್ಲವನ್ನೂ ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡಲಿ. ಕಣ್ಣಿಗೆ ಕಾಣದ ಸಡಿಲ ಬೆರಳಿಗೆ ಸಿಗುತ್ತದೆ. ಒಂದು ಎಂಡ್ ಹೋಗಿದ್ದರೆ ನಾಲ್ಕನ್ನೂ ಒಟ್ಟಿಗೆ ಬದಲಿಸುವುದು ಜಾಣತನ, ಆಮೇಲೆ ಟೋ ಮತ್ತೆ ಹೊಂದಿಸಲೇಬೇಕು. ಈ ಗಾಡಿಗೆ ಟೋ ಇನ್ 2ರಿಂದ 6 ಮಿ.ಮೀ. ಇರಬೇಕು. ಅದೇ ಸರದಿಯಲ್ಲಿ ಸ್ಪ್ರಿಂಗ್ ಮತ್ತು ಶ್ಯಾಕಲ್ ಬುಶ್‌ಗಳನ್ನು ನೋಡಿ. ಉದ್ದದ ಶ್ಯಾಕಲ್‌ಗಳ ಎರಡು ಪಟ್ಟಿಗಳ ನಡುವೆ ಅಡ್ಡಪಟ್ಟಿ ಇಲ್ಲದಿದ್ದರೆ ಆಕ್ಸಲ್ ಪಕ್ಕಕ್ಕೆ ತೂಗುತ್ತದೆ, ಅದೂ ನಡುಕಕ್ಕೆ ದಾರಿ.

ಈಗ ಜಾಕ್ ಕೊಟ್ಟು, ಕೆಳಗೆ ಸ್ಟ್ಯಾಂಡ್ ಇಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಒಳಕ್ಕೂ ಹೊರಕ್ಕೂ ಅಲುಗಿಸಿ. ಸಡಿಲ ಕಂಡರೆ ಇನ್ನೊಬ್ಬರಿಗೆ ಬ್ರೇಕ್ ತುಳಿದು ಹಿಡಿಯಲು ಹೇಳಿ ಮತ್ತೆ ಅಲುಗಿಸಿ. ಬ್ರೇಕ್ ಹಿಡಿದಾಗ ಸಡಿಲ ಮಾಯವಾದರೆ ವೀಲ್ ಬೇರಿಂಗ್ ದೋಷ. ಆಗಲೂ ಉಳಿದರೆ ಕಿಂಗ್ ಪಿನ್. ಐದು ನಿಮಿಷದ ಈ ಕೆಲಸ ಎಷ್ಟೋ ಅನಗತ್ಯ ಬಿಲ್ಲುಗಳನ್ನು ತಪ್ಪಿಸುತ್ತದೆ.

ಕಿಂಗ್ ಪಿನ್ ಬೇರಿಂಗ್‌ನಲ್ಲಿ ಕೈಗೆ ಸಿಗುವಷ್ಟು ಸಡಿಲ ಇಲ್ಲದೆಯೂ ಬಿಗಿ ಕಳೆದುಹೋಗಿರಬಹುದು, ನಿಮ್ಮ ಪ್ರಕರಣದಲ್ಲಿ ಇದನ್ನು ಬಿಡಬಾರದು. ಟೈ ರಾಡ್ ಮತ್ತು ಡ್ರ್ಯಾಗ್ ಲಿಂಕ್ ಕಳಚಿ, ಗೋಳದ ಸೀಲ್ ಬಿಡಿಸಿ, ನಕಲ್‌ನ ಆರ್ಮ್ ತುದಿಗೆ ಕರಿಮೆಣಸು ತೂಗುವಂಥ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯಬೇಕು. ಒಂದರಿಂದ ಎರಡು ಕಿಲೋ ಒಳಗಿನ ಎಳೆತಕ್ಕೆ ಅದು ಹೊರಡಬೇಕು. ಬೆರಳು ತಾಗಿಸಿದರೆ ಸಾಕು ಗಾಳಿಪಟದಂತೆ ತಿರುಗುತ್ತದೆಂದರೆ ಬಿಗಿ ಸತ್ತಿದೆ. ನೇರ ಸ್ಥಾನದಲ್ಲಿ ಕಟಕ್ ಎಂದು ನಿಂತುಕೊಳ್ಳುತ್ತಿದ್ದರೆ ಬೇರಿಂಗ್‌ನ ಕಪ್‌ನಲ್ಲಿ ಗುಳಿ ಬಿದ್ದಿದೆ. ಮೊದಲನೆಯದಕ್ಕೆ ಪಿನ್‌ನ ಕೆಳಗಿನ ಶಿಮ್ (ತೆಳು ತಗಡು) ಒಂದನ್ನು ಕಡಿಮೆ ಮಾಡಿದರೆ ಬಿಗಿ ಬರುತ್ತದೆ. ಗುಳಿ ಬಿದ್ದಿದ್ದರೆ ಶಿಮ್ ತೆಗೆಯುವುದು ದಂಡ, ಬೇರಿಂಗ್ ಕಪ್ ಸಮೇತ ಎರಡೂ ಬದಿಗೆ ಹೊಸದಾಗಿ ಹಾಕಬೇಕು. ಹಾಕುವಾಗ ಗೋಳದ ಸೀಲ್ ಜೊತೆಗೆ ಆಕ್ಸಲ್‌ನ ಒಳಗಿನ ಆಯಿಲ್ ಸೀಲ್ ಕೂಡ ಬದಲಿಸಿ; ಅದು ಸೋರಿದರೆ ಗೇರ್ ಆಯಿಲ್ ಬಂದು ಹೊಸ ಗ್ರೀಸನ್ನು ನೀರಾಗಿಸುತ್ತದೆ. ಕೆಲವರು ನಡುಕ ಹೋಗಲೆಂದು ಶಿಮ್‌ಗಳನ್ನೆಲ್ಲ ಕಿತ್ತು ಅತಿ ಬಿಗಿ ಮಾಡುತ್ತಾರೆ. ನಡುಕ ನಿಲ್ಲುತ್ತದೆ, ಆದರೆ ಸಂಪಾಜೆ ಘಾಟಿಯ ತಿರುವುಗಳಲ್ಲಿ ಸ್ಟೀರಿಂಗ್ ತಾನಾಗಿ ಹಿಂದಿರುಗದೆ ಪ್ರತಿ ಬಾರಿಯೂ ಕೈಯಿಂದ ಎಳೆಯಬೇಕಾಗುತ್ತದೆ, ಬೇರಿಂಗ್ ಕೂಡ ಬೇಗ ಹೋಗುತ್ತದೆ.

ಇಷ್ಟಾದ ಮೇಲೆ ಕ್ಯಾಸ್ಟರ್. ಹಾಳೆಯಲ್ಲಿ ಎರಡು ಡಿಗ್ರಿಗಿಂತ ಕಡಿಮೆ ಬಂದಿದ್ದರೆ ನಿಮ್ಮ ಮುಂದೆ ಮೂರು ದಾರಿಗಳಿವೆ. ಹಳೆಯ ಶ್ಯಾಕಲ್‌ಗಳನ್ನೇ ಮರಳಿ ಹಾಕುವುದು ಎಲ್ಲಕ್ಕಿಂತ ಸರಳ, ಸುರಕ್ಷಿತ. ಕಳೆದುಕೊಳ್ಳುವುದು ಒಂದು ಇಂಚು. ದೊಡ್ಡ ಟೈರ್ ತಿರುವಿನಲ್ಲಿ ಗಾಡಿಯ ಮೈಗೆ ತಾಗಬಹುದು, ಆಗ 215/75ಕ್ಕೆ ಇಳಿಯಬೇಕಾದೀತು. ನಿಮ್ಮ ದಾರಿಯ ದಿಬ್ಬಕ್ಕೆ ನಿಜವಾಗಿ ಎಷ್ಟು ಎತ್ತರ ಬೇಕೆಂದು ಒಮ್ಮೆ ಅಳೆದು ನೋಡಿ. ಗುದ್ದಲಿ ಹಿಡಿದು ದಿಬ್ಬವನ್ನೇ ತಗ್ಗಿಸುವುದು ಹಲವು ತೋಟಗಳಲ್ಲಿ ಗಾಡಿ ಎತ್ತುವುದಕ್ಕಿಂತ ಅಗ್ಗವಾಗಿದೆ.

ಎರಡನೆಯದು ಸ್ಪ್ರಿಂಗ್ ಮತ್ತು ಆಕ್ಸಲ್‌ನ ನಡುವೆ ಓರೆಯಾದ ಉಕ್ಕಿನ ಬೆಣೆ ಇಡುವುದು. ಜಿಪ್ಸಿಯಲ್ಲಿ ಆಕ್ಸಲ್ ಸ್ಪ್ರಿಂಗ್‌ನ ಮೇಲೆ ಕೂರುವುದರಿಂದ ಬೆಣೆಯ ದಪ್ಪ ಅಂಚು ಮುಂದಕ್ಕೆ ಬರಬೇಕು. ಹೆಚ್ಚು ಎತ್ತರಕ್ಕಾಗಿ ಸ್ಪ್ರಿಂಗ್‌ಗಳನ್ನು ಆಕ್ಸಲ್‌ನ ಮೇಲಕ್ಕೆ ಬದಲಿಸಿಕೊಂಡವರ ಗಾಡಿಯಲ್ಲಿ ಇದು ತಿರುವುಮುರುವು, ದಪ್ಪ ಅಂಚು ಹಿಂದಕ್ಕೆ. ಇದನ್ನು ತಪ್ಪಾಗಿ ಹಾಕಿ ಇದ್ದ ಕ್ಯಾಸ್ಟರನ್ನೂ ಕಳೆದುಕೊಂಡ ಗಾಡಿಗಳು ನಮ್ಮಲ್ಲಿಗೆ ಬಂದಿವೆ. ಅಲ್ಯೂಮಿನಿಯಂ ಬೆಣೆ ಬೇಡ, ಒಡೆಯುತ್ತದೆ. ಸೆಂಟರ್ ಬೋಲ್ಟ್ ಉದ್ದದ್ದು ಬೇಕು, ಯು ಬೋಲ್ಟ್‌ಗಳು ಹೊಸದಾಗಿರಬೇಕು, ಸ್ವಲ್ಪ ದಿನ ಓಡಿಸಿದ ಮೇಲೆ ಮತ್ತೆ ಬಿಗಿಯಬೇಕು. ಇದರ ದುಷ್ಪರಿಣಾಮವೆಂದರೆ, ಕ್ಯಾಸ್ಟರ್ ಹೆಚ್ಚಿದಷ್ಟೂ ಡಿಫರೆನ್ಶಿಯಲ್‌ನ ಮೂತಿ ಕೆಳಕ್ಕೆ ತಿರುಗಿ ಮುಂದಿನ ಪ್ರೊಪೆಲರ್ ಶಾಫ್ಟ್‌ನ ಕೋನ ಕಡಿದಾಗುತ್ತದೆ, ಫೋರ್ ವೀಲ್‌ನಲ್ಲಿ ವೇಗವಾಗಿ ಹೋದರೆ ಯು ಜಾಯಿಂಟ್ ಗೊಣಗುತ್ತದೆ. ಕ್ಯಾಸ್ಟರ್ ಒಳ್ಳೆಯದೆಂದು ಏಳೆಂಟು ಡಿಗ್ರಿ ಕೊಡುವುದೂ ತಪ್ಪು. ಅತಿ ಕ್ಯಾಸ್ಟರ್‌ನಿಂದಲೂ ನಡುಕ ಬರುತ್ತದೆ, ಪವರ್ ಇಲ್ಲದ ಸ್ಟೀರಿಂಗ್ ಭಾರವಾಗುತ್ತದೆ. ನಿಮಗೆ ಮೂರೂವರೆಯಿಂದ ಐದರ ನಡುವೆ ಸಾಕು.

ಮೂರನೆಯದು, ಕಂಪನಿಯ ಅಳತೆಯ ಶ್ಯಾಕಲ್ ಉಳಿಸಿಕೊಂಡು ಹೆಚ್ಚು ಕಮಾನಿರುವ ಸ್ಪ್ರಿಂಗ್ ಸೆಟ್ ಹಾಕುವುದು. ಎತ್ತರ ಸ್ಪ್ರಿಂಗ್‌ನಿಂದಲೇ ಬರುವುದರಿಂದ ಕ್ಯಾಸ್ಟರ್ ಬಹುಮಟ್ಟಿಗೆ ಉಳಿಯುತ್ತದೆ, ಖರ್ಚು ಮಾತ್ರ ಹೆಚ್ಚು, ಓಟವೂ ಸ್ವಲ್ಪ ಗಡುಸಾಗುತ್ತದೆ. ಯಾವ ರೀತಿ ಎತ್ತಿದರೂ ಡ್ರ್ಯಾಗ್ ಲಿಂಕ್ ಓರೆಯಾಗುತ್ತದೆ, ಆಕ್ಸಲ್ ಮೇಲೆ ಕೆಳಗಾದಾಗ ಅದು ಚಕ್ರವನ್ನು ತಳ್ಳುವುದು ಎಳೆಯುವುದು ಹೆಚ್ಚುತ್ತದೆ. ಒಂದು ಇಂಚಿಗೆ ಅದನ್ನು ಸಹಿಸಬಹುದು, ಮೂರು ಇಂಚಿಗೆ ಸಾಧ್ಯವಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಣೆಗೆ ಹೊಂದದ ಬದಲಾವಣೆಯನ್ನು ಒಪ್ಪುವುದಿಲ್ಲ ಎಂಬುದೂ, ಅಪಘಾತವಾದಾಗ ವಿಮೆಯವರು ಮೊದಲು ಕೆದಕುವುದು ಇದನ್ನೇ ಎಂಬುದೂ ನೆನಪಿನಲ್ಲಿರಲಿ. ನನ್ನನ್ನು ಕೇಳಿದರೆ ನಿಮಗೆ ಮೊದಲನೆಯ ದಾರಿಯೇ ಸರಿ, ತೋಟಕ್ಕೂ ಮೈಸೂರಿಗೂ ಒಂದೇ ಗಾಡಿ ಓಡಿಸುವವರಿಗೆ ಶ್ಯಾಕಲ್ ಲಿಫ್ಟ್ ಹೇಳಿಸಿದ್ದಲ್ಲ.

ಎಡಕ್ಕೆ ಎಳೆಯುವುದಕ್ಕೆ ಬರೋಣ. ನಾವು ರಸ್ತೆಯ ಎಡಬದಿಯಲ್ಲಿ ಓಡಿಸುತ್ತೇವೆ, ಮಳೆನೀರು ಹರಿಯಲೆಂದು ರಸ್ತೆಯೂ ಎಡಕ್ಕೆ ಇಳಿಜಾರಾಗಿರುತ್ತದೆ. ಸ್ವಲ್ಪ ಎಳೆತ ಎಲ್ಲ ಗಾಡಿಯಲ್ಲೂ ಇದೆ. ಅದಕ್ಕೂ ಮೀರಿ ಎಳೆದರೆ ಮುಂದಿನ ಎರಡು ಟೈರನ್ನು ಅದಲುಬದಲು ಮಾಡಿ. ಎಳೆತ ಬಲಕ್ಕೆ ತಿರುಗಿದರೆ ಟೈರಿನದೇ ತಪ್ಪು. ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ ಹಬ್‌ಗಳ ಹತ್ತಿರ ಕೈ ಒಡ್ಡಿ. ಎಡದ್ದು ಹೆಚ್ಚು ಕಾದಿದ್ದರೆ ಕ್ಯಾಲಿಪರ್‌ನ ಪಿನ್ ತುಕ್ಕಿಗೆ ಹಿಡಿದು ಬ್ರೇಕ್ ಬಿಡುತ್ತಿಲ್ಲ. ಕ್ಯಾಸ್ಟರ್ ಹಾಳೆಯಲ್ಲಿ ಎಡಬಲ ಅಂಕಿ ಬೇರೆಯಾಗಿದ್ದರೆ ಗಾಡಿ ಕಡಿಮೆ ಇರುವ ಬದಿಗೆ ಎಳೆಯುತ್ತದೆ. ಒಂದು ಸ್ಪ್ರಿಂಗ್ ಕುಗ್ಗಿರಬಹುದು, ಇಲ್ಲವೇ ಶ್ಯಾಕಲ್‌ಗಳು ಒಂದೇ ಅಳತೆಯವಾಗಿಲ್ಲದಿರಬಹುದು. ಕೊನೆಗೆ ಎರಡೂ ಬದಿಯಲ್ಲಿ ಮುಂದಿನ ಹಬ್‌ನ ನಡುವಿನಿಂದ ಹಿಂದಿನ ಹಬ್‌ನ ನಡುವಿಗೆ ಟೇಪ್ ಹಿಡಿಯಿರಿ. ವ್ಯತ್ಯಾಸ ಒಂದು ಸೆಂಟಿಮೀಟರ್ ಮೀರಿದರೆ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಸರಿದಿದೆಯೇ ಎಂದು ತಕ್ಷಣ ನೋಡಬೇಕು.

ನಿಮ್ಮಂತೆಯೇ ಬೇರೆ ಗಾಡಿಯವರೂ ಕೇಳುತ್ತಾರೆಂದು ಒಂದು ಮಾತು. ಮಹೀಂದ್ರದ ಎಂಎಂ 540, ಮೇಜರ್ ಇವುಗಳಿಗೂ ಮುಂದೆ ಗಟ್ಟಿ ಆಕ್ಸಲ್ ಮತ್ತು ಲೀಫ್ ಸ್ಪ್ರಿಂಗ್, ಮೇಲಿನ ಮಾತುಗಳೆಲ್ಲ ಹೆಚ್ಚು ಕಡಿಮೆ ಅನ್ವಯಿಸುತ್ತವೆ. 2023ರಲ್ಲಿ ಬಂದ ಜಿಮ್ನಿಯಲ್ಲಿ ಆಕ್ಸಲ್ ಗಟ್ಟಿಯೇ, ಆದರೆ ಕಾಯಿಲ್ ಸ್ಪ್ರಿಂಗ್. ಅಲ್ಲಿ ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡ್‌ನ ಬುಶ್ ಮೊದಲು ನೋಡಬೇಕು. ಹಳೆಯ ಥಾರ್ ಸಿಆರ್‌ಡಿಇಯಲ್ಲಿ ಮುಂದಿನ ಚಕ್ರಗಳು ಸ್ವತಂತ್ರವಾಗಿರುವುದರಿಂದ ಅಲ್ಲಿ ನಡುಕಕ್ಕೆ ಕಾರಣಗಳೇ ಬೇರೆ, ಈ ಉತ್ತರವನ್ನು ಅದಕ್ಕೆ ಹಚ್ಚಬೇಡಿ.

ರಿಪೇರಿಗೆ ಮುಂಚೆ ಎಲ್ಲಾದರೂ ನಡುಕ ಎದ್ದರೆ ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿಯಿರಿ, ಆದರೆ ಅದರೊಂದಿಗೆ ಗುದ್ದಾಡಬೇಡಿ. ಹೆಬ್ಬೆರಳುಗಳು ಅಂಚಿನ ಹೊರಗಿರಲಿ, ಒಳಗಿದ್ದರೆ ಕಡ್ಡಿಯ ಏಟಿಗೆ ಮುರಿಯಬಹುದು. ಆಕ್ಸಿಲರೇಟರ್ ಬಿಟ್ಟು, ಬ್ರೇಕನ್ನು ಒಮ್ಮೆಲೇ ತುಳಿಯದೆ ಹದವಾಗಿ ಒತ್ತಿ, ನೇರವಾಗಿಯೇ ವೇಗ ಇಳಿಸಿ ಬದಿಗೆ ನಿಲ್ಲಿಸಿ. ಹೊರಡುವ ಮೊದಲು ವೀಲ್ ನಟ್‌ಗಳನ್ನೂ ಟೈ ರಾಡ್ ತುದಿಗಳನ್ನೂ ನೋಡಿ. ಒಂದೊಂದು ನಡುಕವೂ ಅವನ್ನು ಇನ್ನಷ್ಟು ಸಡಿಲಿಸುತ್ತದೆ.

ಕ್ಯಾಸ್ಟರ್ ಹಾಳೆ, ಸ್ಪ್ರಿಂಗ್‌ನ ಕಣ್ಣಿನಿಂದ ಕಣ್ಣಿನ ಉದ್ದ, ತಕ್ಕಡಿಯಲ್ಲಿ ಬಂದ ಎಳೆತ ಈ ಮೂರು ಅಳತೆಗಳನ್ನು ಬರೆದು ಕಳಿಸಿ. ಲಿಫ್ಟ್ ಉಳಿಸಿಕೊಳ್ಳಲೇಬೇಕೆಂದು ನಿಮಗೆ ಅನ್ನಿಸಿದ್ದರೆ ಎಷ್ಟು ಡಿಗ್ರಿಯ ಬೆಣೆ ಬೇಕೆಂದು ಆಗ ಲೆಕ್ಕ ಹಾಕಿ ಹೇಳಬಲ್ಲೆ.